ಎರಡು ಮೈಲು ಆಚೆಯ ಸಮುದ್ರ

ಮೊನ್ನೆ ಗಾಡಿ ತೊಳೆಯೋಣವೆಂದು ಸೀಟಿನ ಹಿಂದೆ ಕೈ ಹಾಕಿದೆ. ಅರಗಿನ ವಾಸನೆ ಬಂತು. ತೋಳುದ್ದದ ಎರಡು ಸಾಗವಾನಿ ಹಲಗೆ. ಒಂದರ ಅಂಚಿಗೆ ಇನ್ನೂ ಕೆಂಪು ಬಣ್ಣದ ಗೆರೆ. ತೊಳೆಯುವುದನ್ನು ಬಿಟ್ಟು ಅವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಾವು ಆರು ಮಂದಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿನ ಆರು ಸ್ಪೋರ್ಟ್ಸ್ ಗಾಡಿ. ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಮುಂದಾಳು. ನವಲಗುಂದದ ಒಬ್ಬ ಹತ್ತಿ ವ್ಯಾಪಾರಿ, ಇನ್ನು ಮೂವರು ಹುಬ್ಬಳ್ಳಿಯವರೇ, ಕೊನೆಗೆ ಕುಂದಗೋಳದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟ ನಾನು. ಯಾರೋ ಬೇಸತ್ತು ಮಾರಿದ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ನನ್ನದು. ಮೊದಲ ದಿನ ಅಂಗಡಿ ಮುಂದೆ ನಿಲ್ಲಿಸಿದಾಗ ಊರವರು ಸುತ್ತು ಹಾಕಿ ನೋಡಿ, "ಇದ್ರಾಗ ಒಂದು ಹತ್ತಿ ಅಂಡಿಗಿ ಹಿಡಸತೈತೇನಲೇ?" ಎಂದು ಕೇಳಿದ್ದರು. ಶ್ರಾವಣ, ಗಣಪತಿ, ದಸರಾ ಎಲ್ಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಆರೂ ಗಾಡಿಯಲ್ಲಿ ಸಾಲಾಗಿ ಕಲಘಟಗಿ, ಯಲ್ಲಾಪುರದ ಕಾಡು ದಾಟಿ, ಘಟ್ಟ ಇಳಿದು ಕರಾವಳಿಯ ಒಂದು ಮೀನಿನ ಖಾನಾವಳಿಯಲ್ಲಿ ಉಂಡು ಬರುತ್ತಿದ್ದೆವು.

ಮೊದಲ ವರ್ಷವೇ ಕಲಘಟಗಿಯಲ್ಲಿ ಡಾಕ್ಟರ ಗಾಡಿ ಒಂದು ರಸ್ತೆಯುಬ್ಬಿನ ಮೇಲೆ ಹೊಟ್ಟೆ ಊರಿ ಕೂತಿತು. ಮುಂದೂ ಇಲ್ಲ, ಹಿಂದೂ ಇಲ್ಲ. ನೋಡಲು ಸಂತೆಯಷ್ಟು ಜನ. ಎದುರಿಗೇ ಅರಗಿನ ಬಣ್ಣದ ಚಿತ್ರ ಬರೆದ ತೊಟ್ಟಿಲು ಮಾಡುವ ಒಂದು ಸಣ್ಣ ಅಂಗಡಿ. ಅಲ್ಲಿಂದ ಗಿಡ್ಡ ಅಂಗಿಯ ಒಬ್ಬ ಹಿರಿಯರು ಎರಡು ಹಲಗೆ ಹಿಡಿದು ಎದ್ದು ಬಂದರು. ನಾಲ್ಕು ಮಂದಿಯಿಂದ ಗಾಡಿ ಎತ್ತಿಸಿ, ಗಾಲಿಯ ಕೆಳಗೆ ಹಲಗೆ ಕೊಟ್ಟು, ಎದುರು ನಿಂತು ಕರುವನ್ನು ಕರೆಯುವ ಹಾಗೆ ಕೈ ಮಾಡಿದರು.

"ಬಾ... ಬಾ... ನಿಧಾನ ಲೇ, ಹಲ್ಲು ಕೀಳಾಕತ್ತಿಲ್ಲ ನೀ!"

ಡಾಕ್ಟರು ಹಲ್ಲಿನವರೆಂದು ಅವರಿಗೆ ಯಾರು ಹೇಳಿದ್ದರೋ! ಗಾಡಿ ದಾಟಿತು. ಜನ ಚಪ್ಪಾಳೆ ತಟ್ಟಿದರು. ಅವರು ಮಾತ್ರ ಹಲಗೆಯ ಮಣ್ಣು ಒರೆಸುತ್ತ, "ತೊಟ್ಟಿಲದ ಹಲಗಿ ಅದಾವ್ರಿ. ಕೂಸಿನ ಭಾರ ಹೊರಾಕ ಮಾಡಿದ್ವು, ನಿಮ್ಮ ಭಾರಾನೂ ಹೊತ್ವು" ಅಂದರು. ಮುಂದೆ ದಾರಿಯಲ್ಲಿ ಇನ್ನೂ ಎಷ್ಟು ಉಬ್ಬುಗಳಿವೆಯೋ ಎಂದು ಹೆದರಿದ್ದ ನಾವು ಅವರನ್ನೇ ಜೊತೆಗೆ ಕರೆದೆವು. ಅವರು ಒಳಗೆ ಹೋಗಿ ಹೆಂಡತಿಗೆ, "ಸಮುದ್ರ ನೋಡಿ ಬರ್ತೀನಿ" ಎಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಅಂದಿನಿಂದ ಅವರು ನಮ್ಮ ಹಲಗಿ ಕಾಕಾ. ಮೂರು ವರ್ಷ ನನ್ನ ಬಾಜು ಸೀಟು ಅವರದೇ. ಪ್ರತಿ ಉಬ್ಬಿಗೂ ಇಳಿಯುವುದು, ಹಲಗೆ ಹಾಕುವುದು, ಆರೂ ಗಾಡಿಗಳನ್ನು ಒಂದೊಂದಾಗಿ ದಾಟಿಸುವುದು... ಹಾಗಾಗಿ ಖಾನಾವಳಿ ಮುಟ್ಟುವಾಗ ಪ್ರತಿ ಸಲ ಮಧ್ಯಾಹ್ನ ಸರಿದಿರುತ್ತಿತ್ತು, ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುತ್ತಿತ್ತು.

ನಮ್ಮದು ಲಿಂಗಪೂಜೆಯ ಮನೆ. ಮೀನು ನಾನು ಮೊದಲು ತಿಂದದ್ದು ಕಾಕಾನ ಕೈಯಿಂದ. ಕರಿದ ಬಂಗಡೆಯನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಕೂತಿದ್ದೆ. ಅವರು ಬೆನ್ನಿನ ಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದು, ಸಣ್ಣ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ತುಂಡನ್ನು ನನ್ನ ಅನ್ನದ ಮೇಲಿಟ್ಟರು.

"ತಿನ್ನು ತಮ್ಮಾ. ಮನ್ಯಾಗ ಕೇಳಿದ್ರ ಬದನಿಕಾಯಿ ತಿಂದೆ ಅನ್ನು."

ಆ ಮೊದಲ ವರ್ಷ ಉಂಡು ಕೈ ತೊಳೆಯುವಾಗಲೇ ಅವರು ಕೇಳಿದ್ದರು, "ಸಮುದ್ರ ಎಷ್ಟು ದೂರ ಐತ್ರಿ ಇಲ್ಲಿಂದ?"

"ಎರಡು ಮೈಲು ಕಾಕಾ. ಖರೆ, ಆ ರಸ್ತಾ ಪೂರಾ ಉಸುಕು. ಗಾಡಿ ಹುಗೀತಾವ" ಎಂದರು ಡಾಕ್ಟರು.

"ನನ್ನ ಹಲಗಿ ಅದಾವಲ್ರಿ?"

ಎಲ್ಲರೂ ನಕ್ಕರು. ಕಾಕಾನೂ ನಕ್ಕರು. "ಮುಂದಿನ ಸಲ ಹೋಗೂಣು ಕಾಕಾ" ಅಂದವನು ನಾನೇ. ಎರಡನೆಯ ವರ್ಷವೂ ಹೊತ್ತಾಯಿತು. ಅವರು ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ಎದುರಿಗೆ ಆಟೋ ನಿಂತಿತ್ತು. ಅರ್ಧ ಗಂಟೆಯ ಮಾತು... ಆದರೆ ಗಾಡಿ ಬಿಟ್ಟು ಆಟೋದಲ್ಲಿ ಹೋಗುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಾಡಿ ಹೋಗದ ಕಡೆ ನಾವೂ ಹೋಗುವುದಿಲ್ಲ ಎಂಬಂತಿದ್ದೆವು.

ಮೂರನೆಯ ವರ್ಷ ಉಂಡ ಮೇಲೆ ಕಾಕಾ ಕಾಣಲಿಲ್ಲ. ಖಾನಾವಳಿಯ ಹಿತ್ತಲಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು.

"ತಮ್ಮಾ, ಭೋರ್ ಅನ್ನಾಕತ್ತೈತಲ್ಲ, ಅದು ನೀರಿನ ಸಪ್ಪಳೇನು?"

"ಅಲ್ಲ ಕಾಕಾ. ಗಾಳಿಮರ ಅವು."

"ಹೌದಾ..." ಅಂದರು. ಸ್ವಲ್ಪ ಹೊತ್ತು ಆ ಸಪ್ಪಳಕ್ಕೇ ಕಿವಿಗೊಟ್ಟರು. ಆಮೇಲೆ ತಾವೇ ಹೋಗಿ ಹಲಗೆಗಳನ್ನು ಒಳಗಿಟ್ಟು ಸೀಟಿನಲ್ಲಿ ಕೂತರು.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಅವರು ಹೋದರು. ಮೂರು ದಿನದ ಜ್ವರ, ಅಷ್ಟೇ. ನನಗೆ ಸುದ್ದಿ ಮುಟ್ಟುವಾಗ ದಿನಕರ್ಮವೂ ಮುಗಿದಿತ್ತು. ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಕಾಕು, ಚಹಾ ಮಾಡಿಕೊಟ್ಟು, "ಮೂರು ಸಲ ಸಮುದ್ರ ತೋರಿಸಿದ್ರಿ. ಪುಣ್ಯಾ ಕಟ್ಕೊಂಡ್ರಿ ಯಪ್ಪಾ" ಅಂದರು.

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

"ಬಂದ ಕೂಡ್ಲೇ ಅದs ಮಾತು. ನೀರು ಹಸರ ಇರತೈತಂತ, ಆಚಿ ದಂಡೀನೇ ಇಲ್ಲಂತ..." ಎನ್ನುತ್ತ ಒಳಗಿಂದ ಒಂದು ಹಲಗೆ ತಂದು ತೋರಿಸಿದರು. ಕಾಕಾ ಕೊನೆಗೆ ಬರೆದ ಚಿತ್ರವಂತೆ. ಗಿಳಿ, ಬಳ್ಳಿ ಇರಬೇಕಾದ ತೊಟ್ಟಿಲ ಪಟ್ಟಿಯಲ್ಲಿ ಅಚ್ಚ ಹಸಿರು ನೀರು, ನೀರಿನ ತುಂಬ ಬಂಗಡೆ ಮೀನು. ಮೀನು ಎಷ್ಟು ಖರೆಯಾಗಿದ್ದವೆಂದರೆ ಬೆನ್ನಿನ ಮೇಲಿನ ಅಡ್ಡಗೆರೆ ಕೂಡ ತಪ್ಪಿರಲಿಲ್ಲ. ಆದರೆ ಎಲ್ಲವೂ ತಟ್ಟೆಯಲ್ಲಿಟ್ಟ ಹಾಗೆ ಒಂದೇ ಮಗ್ಗುಲಿಗೆ ಮಲಗಿದ್ದವು. ನೋಡಿದ್ದನ್ನು ನೋಡಿದ ಹಾಗೇ ಬರೆದಿದ್ದರು. ನೋಡದೆ ಬರೆದದ್ದು ನೀರೊಂದೇ.

ನಮ್ಮನ್ನು ಸಣ್ಣವರಾಗಿಸಬಾರದೆಂದು ಕಾಕಾ ಹಾಗೆ ಹೇಳಿದರೋ, ಬರಿಗೈಯಲ್ಲಿ ಮನೆಗೆ ಬರಲು ಮನಸ್ಸಾಗಲಿಲ್ಲವೋ... ಕೇಳಬೇಕೆಂದರೆ ಈಗ ಯಾರನ್ನು ಕೇಳಲಿ? ಆ ವರ್ಷ ಗಾಡಿಗಳ ಜೊತೆ ನಾನು ಹೋಗಲಿಲ್ಲ.

ಹೋದ ತಿಂಗಳು ಕಾಕುವನ್ನು ಕರೆದುಕೊಂಡು ಹೋದೆ. "ನೆಲದ ಮ್ಯಾಲೆ ಕುಂತಂಗ ಆಕ್ಕೈತಿ" ಎನ್ನುತ್ತಲೇ ಕಾಕಾನ ಸೀಟಿನಲ್ಲಿ ಕೂತರು. ಕಾಕಾ ಉಬ್ಬಿಗೆ ಹಾಕುತ್ತಿದ್ದ ಆ ಎರಡು ಹಲಗೆಗಳನ್ನು ತಾವೇ ತಂದಿದ್ದರು. ಖಾನಾವಳಿ ದಾಟಿ ಉಸುಕಿನ ರಸ್ತೆಗೆ ತಿರುಗಿದೆ. ನೂರು ಮಾರು ಹೋಗುವಷ್ಟರಲ್ಲಿ ಗಾಲಿ ಹುಗಿಯಿತು. ಕಾಕು ಇಳಿದರು. ಗಾಲಿಯ ಮುಂದಿನ ಉಸುಕು ಬಗೆದು ಹಲಗೆ ಇಟ್ಟು, ಎದುರಿಗೆ ನಿಂತು ಕೈ ಮಾಡಿದರು. "ಬಾ... ಬಾ... ನಿಧಾನ." ಗಾಡಿ ಎದ್ದಿತು. ಮತ್ತೆ ಹುಗಿಯಿತು. ಮತ್ತೆ ಹಲಗೆ. ಆ ಎರಡು ಮೈಲಿಗೆ ಒಂದು ತಾಸು ಹಿಡಿಯಿತು.

ದಂಡೆ ಮುಟ್ಟಿದಾಗ ನಡು ಮಧ್ಯಾಹ್ನ. ಕಾಕು ಪಾದ ಮುಳುಗುವಷ್ಟು ನೀರಿಗಿಳಿದು ಬಹಳ ಹೊತ್ತು ನೋಡಿದರು.

"ಅವರು ಹಸರ ಅಂದಿದ್ರು. ಇದು ನೀಲಿ ಐತಲ್ಲ?"

"ಅವರು ನೋಡಿದ್ದು ಸಂಜಿ ಮುಂದ ಕಾಕು. ಸಂಜಿಗೆ ಹಸರ ಆಗತೈತಿ" ಅಂದೆ.

"ಹಂಗಾದ್ರ ಸಂಜೀತನಾ ಕುಂದ್ರೂಣು."

ಕೂತೆವು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಉಂಡೆವು. ಹೊತ್ತು ಇಳಿಯಿತು. ನೀರು ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು, ಕಡೆಗೆ ನಮ್ಮ ಎರೆಹೊಲದ ಬಣ್ಣಕ್ಕೆ ಬಂತು. ಹಸಿರಾಗಲಿಲ್ಲ. ನಾನು ಕಾಕುವಿನ ಮುಖ ನೋಡಲಿಲ್ಲ.  ಅವರು ಎದ್ದು, ಹಲಗೆಗಳ ಮೇಲಿನ ಉಸುಕನ್ನು ಸೆರಗಿನಿಂದ ಒರೆಸಿ, ಸೀಟಿನ ಹಿಂದೆ ಇಟ್ಟರು.

"ಇವು ನಿಮ್ಮ ಕಡೇನs ಇರ್ಲಿ" ಅಂದರು.