ಏಡಿಗಳ ಕಡಲಲ್ಲಿ ಕಾಗೆಗೆ ಕಾದದ್ದು

ಉದ್ಯಾನದ ಗೇಟಿನ ಪಕ್ಕದ ಬೋರ್ಡಿನಲ್ಲಿ ಜಿಂಕೆ, ಮಂಗ, ಹಕ್ಕಿ ಮೂರರ ಚಿತ್ರವಿತ್ತು. ಮೂರರ ಬಾಯಿಯ ಹತ್ತಿರವೂ ಒಂದೊಂದು ಕೈ ತಿಂಡಿ ಹಿಡಿದಿತ್ತು, ಆ ಕೈಗಳ ಮೇಲೆ ಕೆಂಪು ಗೀಟು ಎಳೆದಿತ್ತು. ಒಳಗಿರುವ ಯಾವ ಜೀವಿಗೂ ಏನನ್ನೂ ತಿನ್ನಿಸಬಾರದು ಎಂದು ಅರ್ಥ. ನನ್ನ ಚೀಲದಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ಅದರಲ್ಲಿದ್ದದ್ದು ಕಾಗೆಗೆಂದೇ ತಂದ ಅನ್ನ, ಒಣಸೀಗಡಿ ಚಟ್ನಿ. ಕಾಗೆಗೆ ಅನ್ನ ಹಾಕಬಾರದ ಊರೂ ಇರುತ್ತದೆ ಎಂದು ಊರಿನಲ್ಲಿದ್ದಾಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕಾವಲುಗಾರ ಐವತ್ತು ದಾಟಿದವನು, ತಲೆಗೆ ಮಂಗನ ಟೋಪಿ. ಇಲ್ಲಿಯವರು ಜನವರಿಯ ಸಣ್ಣ ಚಳಿಗೂ ಕಿವಿ ಮುಚ್ಚುವ ಉಲ್ಲನ್ ಟೋಪಿ ಹಾಕುತ್ತಾರೆ. ಚೀಲ ಮುಟ್ಟಿ ನೋಡಿ, "ಬೌದಿ, ಖಾಬಾರ್ ಭೇತೊರೆ ಜಾಬೆ ನಾ" ಎಂದ. ತಿಂಡಿ ಒಳಗೆ ಹೋಗುವ ಹಾಗಿಲ್ಲ. ಬೌದಿ ಎಂದರೆ ಅತ್ತಿಗೆ. ಕೋಲ್ಕತ್ತಕ್ಕೆ ಬಂದ ಹನ್ನೆರಡು ವರ್ಷಗಳಲ್ಲಿ ತರಕಾರಿಯವನಿಂದ ಹಿಡಿದು ಬಸ್ ಕಂಡಕ್ಟರನ ತನಕ ಎಲ್ಲರೂ ನನ್ನನ್ನು ಕರೆದದ್ದು ಹಾಗೆಯೇ. ಗಂಡ ಹೋದ ಮೇಲೂ ಅತ್ತಿಗೆಯಾಗಿಯೇ ಉಳಿದಿದ್ದೇನೆ.

ಡಬ್ಬಿ ತೆರೆದವನು ಮೂಗು ಹಿಂದೆಳೆದುಕೊಂಡ. "ಓರೆ ಬಾಬಾ, ಶುಟ್ಕಿ! ಬೌದಿ, ಬಾಂಗಾಲ್ ನಾಕಿ?"

ಶುಟ್ಕಿ ಎಂದರೆ ಒಣಮೀನು. ಅದನ್ನು ಇಷ್ಟಪಟ್ಟು ತಿನ್ನುವವರು ಪೂರ್ವ ಬಂಗಾಳದ ಮೂಲದವರು, ಬಾಂಗಾಲರು ಎಂದು ಇಲ್ಲಿ ಒಂದು ಹಳೆಯ ತಮಾಷೆ. ಅವನು ನನ್ನನ್ನು ಆ ಪೈಕಿ ಎಂದುಕೊಂಡ.

"ಅಲ್ಲ ದಾದಾ, ಕರ್ನಾಟಕ. ಈಗ ಕೋಲ್ಕತ್ತ. ಇದು ತಿನ್ನಲಿಕ್ಕಲ್ಲ, ಕಾಗೆಗೆ" ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

"ಕಾಗೆಗೆ?" ಅವನೂ ಹಿಂದಿಗೆ ಬಂದ. "ಕೋಲ್ಕತ್ತದಲ್ಲಿ ಕಾಗೆಗಳೆಲ್ಲ ರಜೆ ಹಾಕಿವೆಯಾ ಬೌದಿ? ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಇಲ್ಲಿಗೆ ತಂದಿರಾ?"

ಸಾಲಿನಲ್ಲಿ ನಿಂತವರು ನಕ್ಕರು. ನಾನು ಕೈ ಮುಗಿದೆ. ಕೈ ಮುಗಿದ ಮೇಲೆ ಅವನು ನಗಲಿಲ್ಲ, ಆದರೆ ಬಿಡಲೂ ಇಲ್ಲ. ಡಬ್ಬಿಯನ್ನು ತನ್ನ ಗೂಡಿನ ಹೊರಗಿನ ಕಲ್ಲುಬೆಂಚಿನ ಮೇಲಿಟ್ಟು, "ಹೋಗುವಾಗ ತೆಗೆದುಕೊಂಡು ಹೋಗಿ" ಎಂದ.

ನಾನು ಯಾಕೆ ಹಾಗೆ ಕೈ ಮುಗಿದೆ ಎಂದು ನಿಮಗೆ ಹೇಳಬೇಕು. ನಾನು ಓದಿದ್ದು ಪಿಯುಸಿವರೆಗೆ, ಚಂದ ಮಾಡಿ ಹೇಳಲು ಬರುವುದಿಲ್ಲ.

ನಮ್ಮದು ಕುಂದಾಪುರದ ಹತ್ತಿರದ ಕಡಲ ಬದಿಯ ಊರು. ಗಂಡ ಸುಧಾಕರ ಬ್ಯಾಂಕಿನಲ್ಲಿದ್ದರು. ವರ್ಗವಾಗಿ ಇಲ್ಲಿಗೆ ಬಂದವರು ಮತ್ತೆ ವರ್ಗ ಕೇಳಲಿಲ್ಲ. ಖಿದಿರ್‌ಪುರದಲ್ಲಿ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿ, ಎರಡು ಕೋಣೆ. ಕಿಟಕಿ ತೆರೆದರೆ ಊರಿನಲ್ಲಿ ಕಡಲಿನ ಸದ್ದು, ಇಲ್ಲಿ ಲಾರಿಗಳದ್ದು. ಮೊದಲ ವರ್ಷ ಸಾಸಿವೆ ಎಣ್ಣೆಯ ವಾಸನೆಗೆ ನನಗೆ ಊಟ ಸೇರುತ್ತಿರಲಿಲ್ಲ. ನಮ್ಮ ಕುಚ್ಚಲಕ್ಕಿಗೆ ಹತ್ತಿರವಾದ ಶಿದ್ಧೊ ಚಾಲ್ ಎಂಬ ಅಕ್ಕಿ ಮೂಲೆಯ ಅಂಗಡಿಯಲ್ಲೇ ಇದೆ ಎಂದು ತಿಳಿದ ದಿನ ಗಂಜಿ ಮಾಡಿ ಇಬ್ಬರೂ ಹೊಟ್ಟೆ ತುಂಬ ಉಂಡಿದ್ದೆವು. ಅವರಿಗೆ ಗಂಜಿಯ ಜೊತೆ ಒಣಸೀಗಡಿ ಚಟ್ನಿ ಬೇಕು. ಸೀಗಡಿ ಹುರಿದ ದಿನ ಮನೆ ಮಾಲೀಕರ ಹೆಂಡತಿ, ನಾವು ಮಾಶಿಮಾ ಎಂದು ಕರೆಯುವ ಮುದುಕಿ, ಮೆಟ್ಟಿಲಲ್ಲೇ ನಿಂತು, "ಮತ್ತೆ ಯಾರನ್ನು ಸುಡುತ್ತಿದ್ದೀಯಮ್ಮಾ?" ಎಂದು ಕೂಗುತ್ತಿದ್ದಳು. ಈಗ ಕೂಗುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ನಮ್ಮವರಿಗೆ ಎದೆನೋವು ಬಂತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಮೂರನೆಯ ದಿನ ಮಗಳ ಕೈ ಹಿಡಿದು, "ಆಯ್ತಾರ ಏಡಿ ಕಾಂಬುಕ್ ಹೋಪ, ಆಯ್ತಾ?" ಎಂದರು. ಬಕ್ಖಾಲಿ ಕಡೆಯ ಈ ಅಭಯಾರಣ್ಯದ ಉದ್ಯಾನದ ಸುದ್ದಿ ಅವರಿಗೆ ಯಾರೋ ಗ್ರಾಹಕರು ಹೇಳಿದ್ದರು. ಉಪ್ಪುನೀರಿನ ಕಾಂಡ್ಲಾ ಕಾಡಿನ ನಡುವೆ ಮಕ್ಕಳೂ ಮುದುಕರೂ ನಡೆಯಬಹುದಾದ ದಾರಿ, ಕೊನೆಯಲ್ಲಿ ಕಡಲು, ಕಡಲ ದಂಡೆ ತುಂಬ ಕೆಂಪು ಏಡಿ. ಭಾನುವಾರಕ್ಕೆ ಮೊದಲೇ ಅವರು ಹೋದರು.

ಕ್ರಿಯೆ ಮಾಡಲು ಅವರ ಅಣ್ಣ, ನನ್ನ ಭಾವ, ಊರಿನಿಂದ ಬಂದರು. ಹನ್ನೊಂದನೆಯ ದಿನ ನಮ್ಮ ಕಟ್ಟಡದ ಟೆರೇಸಿನಲ್ಲಿ ಬಾಳೆ ಎಲೆ ಹಾಕಿ ಅನ್ನ ಇಟ್ಟೆವು. ಕೋಲ್ಕತ್ತದಲ್ಲಿ ಕೈಯಲ್ಲಿರುವ ಬಿಸ್ಕತ್ತನ್ನೂ ಕಾಗೆ ಬಿಡುವುದಿಲ್ಲ. ಅವತ್ತು ನೀರಿನ ಟ್ಯಾಂಕಿಯ ಮೇಲೆ ಐದಾರು ಕೂತಿದ್ದವು, ಒಂದೂ ಇಳಿಯಲಿಲ್ಲ. ಅರ್ಧ ಗಂಟೆ ಕಳೆಯಿತು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ. ಏನೆಂದು ಊಹಿಸಿ, ಅದನ್ನು ನಡೆಸಿಕೊಡುವುದಾಗಿ ಮಾತು ಕೊಡಬೇಕು. ಭಾವ ಒಂದೊಂದೇ ಕೇಳುತ್ತಾ ಹೋದರು. ಮಗಳ ಓದು, ಮಗಳ ಮದುವೆ, ನಾಗನಿಗೆ ಹೇಳಿಕೊಂಡ ತಂಬಿಲದ ಹರಕೆ. ಯಾವುದಕ್ಕೂ ಇಲ್ಲ. ಕಡೆಗೆ, "ತಮ್ಮಾ, ನಿನ್ ಹೆಂಡ್ತಿನೂ ಮಗಳ್ನೂ ಇಲ್ ಬಿಡುದಿಲ್ಲ. ವರ್ಷದ್ ಒಳ್ಗೆ ಊರಿಗ್ ಕರ್ಕಂಡ್ ಹೋತೆ. ಮಾತ್ ಕೊಟ್ಟೆ" ಎಂದರು.

ಕಾಗೆ ಇಳಿಯಿತು. ತಿಂದಿತು. ಭಾವ ಅಲ್ಲೇ ಕೂತು ಅತ್ತರು. ಮಾಶಿಮಾ ಕೂಡ ಕೈ ಮುಗಿದಳು.

ನಾನು ಬೇರೊಂದನ್ನು ನೋಡಿದ್ದೆ. ಪಕ್ಕದ ಟೆರೇಸಿನಲ್ಲಿ ಒಬ್ಬ ಹೆಂಗಸು ಒದ್ದೆ ಬೆಡ್‌ಶೀಟುಗಳನ್ನು ಪಟಪಟ ಕೊಡವಿ ಹಗ್ಗಕ್ಕೆ ಹಾಕುತ್ತಿದ್ದಳು. ಅವಳು ಕೊಡವಿದಾಗಲೆಲ್ಲ ಇಳಿಯಲು ಹೊರಟ ಕಾಗೆ ಮತ್ತೆ ಟ್ಯಾಂಕಿಗೆ ಹೋಗುತ್ತಿತ್ತು. ಭಾವ ಕೊನೆಯ ಮಾತು ಕೊಡುವ ಹೊತ್ತಿಗೇ ಅವಳ ಬಕೆಟ್ಟು ಖಾಲಿಯಾಯಿತು. ಅವಳು ಮೆಟ್ಟಿಲಿಳಿದು ಹೋದಳು, ಕಾಗೆ ಬಂತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹನ್ನೊಂದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಈಗ ಅವರ ವರ್ಷಾಂತಿಕದ ಕ್ರಿಯೆಗೆ ಮೂರು ವಾರ ಉಳಿದಿದೆ. ಭಾವ ಊರಿನ ಶಾಲೆಯಲ್ಲಿ ಹೇಳಿ ಇಟ್ಟಿದ್ದಾರೆ, ನಮಗೆಂದು ಮನೆಯ ಒಂದು ಬದಿ ಸುಣ್ಣ ಬಳಿಸಿದ್ದಾರೆ. ಕೆಟ್ಟ ಮನುಷ್ಯರಲ್ಲ. ಇಲ್ಲಿ ನನಗೆ ಗಂಡನ ಬ್ಯಾಂಕಿನಲ್ಲೇ ಒಂದು ಸಣ್ಣ ಕೆಲಸ ಸಿಕ್ಕಿದೆ, ಬಿಟ್ಟು ಹೋದರೆ ಮತ್ತೆ ಸಿಗುವುದಲ್ಲ. ಮಗಳು ನಿಧಿಗೆ ಹತ್ತು ವರ್ಷ, ಇಲ್ಲೇ ಹುಟ್ಟಿದವಳು. ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ ಬರುತ್ತದೆ. ಊರಿನ ಸುದ್ದಿ ಎತ್ತಿದರೆ, "ಆಮಿ ಜಾಬೊ ನಾ" ಎನ್ನುತ್ತಾಳೆ. ನಾನು ಹೋಗುವುದಿಲ್ಲ. ಅಷ್ಟು ಹೇಳಿ ಅಪ್ಪನ ಅಂಗಿಗಳಿರುವ ಕಪಾಟಿನ ಎದುರು ಹೋಗಿ ಕೂರುತ್ತಾಳೆ. ನನಗೋ, ಬೆಳಿಗ್ಗೆ ಇಲ್ಲಿರಬೇಕು ಅನ್ನಿಸಿದರೆ ಸಂಜೆ ಓಡಿಹೋಗಬೇಕು ಅನ್ನಿಸುತ್ತದೆ. ಅವರಿಗೆ ನಿಜವಾಗಿ ಬೇಕಿದ್ದದ್ದು ಏನು ಎಂದು ತಿಳಿದರೆ ಸಾಕು, ಹಾಗೆ ಮಾಡುತ್ತೇನೆ, ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಅದಕ್ಕೇ ಇನ್ನೊಮ್ಮೆ ಕೇಳಲು ಹೊರಟೆ. ಅವರು ಹೋಗಬೇಕೆಂದಿದ್ದ ಜಾಗದಲ್ಲೇ ಅನ್ನ ಇಟ್ಟು, ಈ ಸಲ ಇಲ್ಲೇ ಉಳಿಯಲೇ ಎಂದು ತಿರುಗಿಸಿ ಕೇಳುವುದು. ಎರಡು ಸಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಗೊತ್ತಿದ್ದೂ ಹೊರಟೆ.

ನಿಧಿಯೂ ನಾನೂ ತಾರಾತಲಾದಲ್ಲಿ ಬಸ್ ಹತ್ತಿದೆವು. ದಾರಿಯಲ್ಲಿ ಕಾಕ್‌ದ್ವೀಪ ಎಂಬ ಊರು ಬಂತು, ಕಾಗೆಯ ದ್ವೀಪ. ಕಂಡಕ್ಟರ್ ಆ ಹೆಸರು ಕೂಗಿದಾಗ ನಾನು ಚೀಲದೊಳಗಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡೆ. ಹುಚ್ಚು ಹಿಡಿದವರಿಗೆ ಎಲ್ಲವೂ ಗುರುತಾಗಿಯೇ ಕಾಣುತ್ತದೆ.

ಗೇಟಿನಲ್ಲಿ ಡಬ್ಬಿ ಬಿಟ್ಟು ಒಳಗೆ ಹೋದೆವು. ಕೆಸರಿನ ಮೇಲೆ ಎತ್ತರಿಸಿ ಹಾಕಿದ ಹಲಗೆಯ ದಾರಿ, ಎರಡೂ ಬದಿ ಕಟಕಟೆ. ಕೆಳಗೆ ಬೇರುಗಳು ನೆಲದಿಂದ ಮೇಲಕ್ಕೆ ಬೆರಳಿನಂತೆ ಎದ್ದಿದ್ದವು. ನಮ್ಮ ಹೊಳೆಯ ಬದಿಯಲ್ಲೂ ಇದೇ ಕಾಂಡ್ಲಾ. ಅಲ್ಲಿ ಅದರ ನಡುವೆ ದೋಣಿ ಹೋಗುತ್ತದೆ, ನಡೆಯಲು ದಾರಿ ಮಾಡಿ ಯಾರೂ ಟಿಕೆಟ್ ಕೊಡುವುದಿಲ್ಲ. ಮುಂದೆ ಒಂದು ದೊಡ್ಡ ಸಂಸಾರ. ಅಜ್ಜಿಯನ್ನು ಇಬ್ಬರು ಸೊಸೆಯರು ಹಿಡಿದುಕೊಂಡಿದ್ದರು. ಜಿಂಕೆ ಕಂಡಾಗ ಅಜ್ಜಿ, "ಇಷ್ಟೇನಾ? ನಮ್ಮ ಪಾಡಾದ ಆಡು ಇದಕ್ಕಿಂತ ದಪ್ಪ ಇದೆ" ಎಂದಳು. ಪಾಡಾ ಎಂದರೆ ಕೇರಿ. ನಿಧಿ ನಕ್ಕಳು. ಬಹಳ ದಿನದ ಮೇಲೆ ನಕ್ಕಳು. ನನಗೆ ನಗಲಾಗಲಿಲ್ಲ, ಆಕಾಶ ನೋಡುತ್ತಿದ್ದೆ. ಕೊಕ್ಕರೆ ಇತ್ತು, ಮಿಂಚುಳ್ಳಿ ಇತ್ತು.

ಹಲಗೆ ಮುಗಿದು ಮರಳು ಬಂತು. ನಮ್ಮ ಕಡಲು ಪಶ್ಚಿಮಕ್ಕಿದೆ, ನೀಲಿ, ಸಿಟ್ಟಿನದು. ಇದು ದಕ್ಷಿಣಕ್ಕೆ ಮುಖ ಮಾಡಿದ ಕಂದು ನೀರು, ಸದ್ದಿಲ್ಲದೆ ಬರುತ್ತದೆ, ಹೋಗುತ್ತದೆ. ದೂರದಲ್ಲಿ ಇಡೀ ಮರಳು ಕೆಂಪಾಗಿತ್ತು. ಹತ್ತಿರ ಹೋದಂತೆ ಕೆಂಪು ಆರಿಹೋಯಿತು. ಏಡಿಗಳೆಲ್ಲ ಬಿಲ ಸೇರಿದವು.

"ಕೂತ್ಕೊಬೇಕು ಅಮ್ಮ. ಪಪ್ಪ ಹೇಳಿದ್ರು. ಅಲ್ಲಾಡದೆ ಕೂತ್ರೆ ಬರ್ತವೆ" ಎಂದಳು ನಿಧಿ. ತಡವರಿಸಿಕೊಂಡು, ಆದರೆ ಕನ್ನಡದಲ್ಲಿ. ಕೂತೆವು. ಅವಳು ಸ್ವೆಟರಿನ ಕಿಸೆಯಿಂದ ಒಂದು ಕರವಸ್ತ್ರ ತೆಗೆದಳು. ಬಿಚ್ಚಿದರೆ ಒಂದು ಹಿಡಿ ಅನ್ನ, ಚಟ್ನಿ ಮೆತ್ತಿಕೊಂಡಿತ್ತು.

"ಬಸ್ಸಲ್ಲಿ ನೀನು ಮಲ್ಗಿದ್ದಾಗ ತೆಗ್ದೆ. ಪಪ್ಪಂಗೆ ನಾನೂ ಇಡ್ಬೇಕಿತ್ತು."

ನಿಯಮ ತಪ್ಪು ಎಂದು ನನಗೆ ಗೊತ್ತಿತ್ತು. ಆದರೂ ಬಿದ್ದಿದ್ದ ಒಂದು ಎಲೆ ಒರೆಸಿ ಅನ್ನ ಇಟ್ಟೆ. ದೂರದಲ್ಲಿ ಮರಳಿಗೆಳೆದಿದ್ದ ದೋಣಿಗಳ ಬಳಿ ಎರಡು ಕಾಗೆಗಳಿದ್ದವು. ಎದ್ದು ನಿಂತು, "ನಾವ್ ಇಲ್ಲೇ ಇರ್ತೊ. ಹೋತಿಲ್ಲ. ನಿಮ್ಗ್ ಒಪ್ಪಿಗೆ ಇದ್ರೆ ತೆಕ್ಕಣಿ" ಎಂದೆ. ಗಟ್ಟಿಯಾಗಿ ಹೇಳಬೇಕೆಂದಿದ್ದೆ, ಗಾಳಿಯಲ್ಲಿ ನನಗೇ ಕೇಳಲಿಲ್ಲ. ಒಂದು ಕಾಗೆ ನಡೆದುಕೊಂಡು ಬಂತು. ಹತ್ತು ಹೆಜ್ಜೆ ದೂರದಲ್ಲಿ ನಿಂತಿತು, ಕತ್ತು ಓರೆ ಮಾಡಿ ನೋಡಿತು. ಪಕ್ಕದ ಟೆರೇಸೂ ಇಲ್ಲ, ಬೆಡ್‌ಶೀಟೂ ಇಲ್ಲ. ಹಾರಿಹೋಯಿತು.

ನಾನು ಮುಖ ಮುಚ್ಚಿಕೊಂಡೆ. ಎಷ್ಟು ಹೊತ್ತೋ. ನಿಧಿ ನನ್ನ ಮೊಣಕೈ ಹಿಂಡಿದಳು. "ಅಮ್ಮ, ಅಲ್ಲಾಡ್ಬೇಡ."

ಏಡಿಗಳು ಬಂದಿದ್ದವು. ಮೊದಲು ಒಂದು, ಆಮೇಲೆ ನಮ್ಮ ಸುತ್ತ ಎಲ್ಲ ಕಡೆಯಿಂದ. ಉಗುರಿನಷ್ಟು ಮೈ, ಕಡ್ಡಿಯಂಥ ಕಣ್ಣು. ಎಲೆಯ ಮೇಲೆ ಹತ್ತಿ ಒಂದೊಂದು ಅಗುಳು ಹಿಡಿದು ಬಿಲಕ್ಕೆ ಎಳೆದುಕೊಂಡು ಹೋದವು.

"ಪಪ್ಪ ಎಷ್ಟೊಂದು ಏಡಿ ತಿಂದಿದ್ರು," ನಿಧಿ ಪಿಸುಗುಟ್ಟಿದಳು, "ಈಗ ಅವು ಪಪ್ಪನ ಅನ್ನ ತಿಂತಿವೆ. ಬದ್ಲಾ."

ಏಡಿ ಮುಟ್ಟಿದರೆ ಏನರ್ಥ ಎಂದು ನಮ್ಮಲ್ಲಿ ಯಾರೂ ಹೇಳಿಲ್ಲ.

ವಾಪಸು ಗೇಟಿಗೆ ಬಂದರೆ ಕಾವಲುಗಾರ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ತಪ್ಪು ಮಾಡಿದವನಂತೆ ನಿಂತಿದ್ದ. "ಮುಚ್ಚಳ ಸರಿಯಾಗಿ ಹಾಕಿರಲಿಲ್ಲ ಬೌದಿ. ಕಾಗೆಗಳು ತಳ್ಳಿ ಬೀಳಿಸಿದವು. ಒಂದು ಅಗುಳೂ ಬಿಡಲಿಲ್ಲ."

"ಎಷ್ಟು ಹೊತ್ತಿಗೆ?" ನಾನು ಕಡಲ ಬದಿ ಕೇಳಿದ ಹೊತ್ತಿಗೇ ತಿಂದವೋ ಎಂದು ಅವನ ತೋಳು ಹಿಡಿದುಬಿಟ್ಟೆ. "ನಾವು ಒಳಗೆ ಹೋದ ಕೂಡಲೇನಾ, ಆಮೇಲಾ? ಸರಿಯಾಗಿ ಹೇಳಿ ದಾದಾ."

"ಕಾಗೆಗಳು ರಿಜಿಸ್ಟರಿನಲ್ಲಿ ಸಹಿ ಹಾಕುತ್ತವಾ ಬೌದಿ?" ಎಂದವನು ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ನಾನು ಚಹಾಕ್ಕೆ ಹೋಗಿದ್ದೆ. ನೋಡಲಿಲ್ಲ" ಎಂದ. ಡಬ್ಬಿಯನ್ನು ತೊಳೆದು ಇಟ್ಟಿದ್ದ.

ಬಸ್ಸಿನಲ್ಲಿ ಭಾವನ ಫೋನು ಬಂತು. "ಶೋಭಾ, ಟಿಕೆಟ್ ಮಾಡ್ಲ್ಯಾ?" ಎಂದು ಕೇಳಿದರು.

ಆಗ ಎಲ್ಲ ಹೇಳಿದೆ. ಪಕ್ಕದ ಟೆರೇಸಿನ ಹೆಂಗಸು, ಬೆಡ್‌ಶೀಟು, ಖಾಲಿಯಾದ ಬಕೆಟ್ಟು. ಬೈಯುತ್ತಾರೆ ಎಂದುಕೊಂಡಿದ್ದೆ. 

"ನಾನೂ ಕಂಡಿದ್ದೆ" ಎಂದರು ಭಾವ. "ಅವ್ಳ್ ಹೋಪುದ್ ಕಂಡೇ ಆ ಮಾತ್ ಹೇಳ್ದೆ. ಕಾಕಿ ಬತ್ತ್ ಅಂದೇಳಿ ಗೊತ್ತಿತ್ತ್. ಎಂತ ಮಾಡುದ್ ಶೋಭಾ? ನಿಮ್ಮನ್ ಅಲ್ ಬಿಟ್ಟಿಕಿ ಬಪ್ಪುಕೆ ನಂಗ್ ಧೈರ್ಯ ಇರ್ಲಿಲ್ಲ."

ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಅದಕ್ಕಿಂತ ಕೆಟ್ಟದ್ದು. ಕಾಗೆ ಹೇಳಿದ್ದಲ್ಲ ಎಂದರೆ, ಹೋದವರು ಏನೂ ಹೇಳಲೇ ಇಲ್ಲ. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಆಸ್ಪತ್ರೆಯಲ್ಲಿ ಏಡಿ ಕಾಂಬುಕ್ ಹೋಪ ಎಂದವರು ಆಮೇಲೆ ನಮ್ಮ ಜೊತೆ ಮಾತಾಡಿಯೇ ಇಲ್ಲ. ಹನ್ನೊಂದು ತಿಂಗಳು ಆ ಸುಳ್ಳು ಮಾತಿನ ಜೊತೆ ಜಗಳವಾಡಿಕೊಂಡಾದರೂ ಅವರ ಹತ್ತಿರ ಇದ್ದೆ. ಈಗ ಜಗಳಕ್ಕೂ ಯಾರಿಲ್ಲ.

"ಟಿಕೆಟ್ ಈಗ ಬೇಡಿ ಭಾವ" ಎಂದೆ. "ವರ್ಷಾಂತಿಕಕ್ಕೆ ನೀವೇ ಬನ್ನಿ. ಆಮೇಲ್ ಕಾಂಬ."

"ಬತ್ತೆ" ಎಂದರು. ನಿಧಿ ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಅವಳ ಕಿಸೆಯಿಂದ ಸೀಗಡಿಯ ವಾಸನೆ ಬರುತ್ತಿತ್ತು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ.

ಇನ್ನು ಮೂರು ವಾರಕ್ಕೆ ಅದೇ ಟೆರೇಸಿನಲ್ಲಿ ಎಲೆ ಹಾಕುತ್ತೇವೆ. ಪಕ್ಕದ ಮನೆಯ ಹೆಂಗಸು ಬಟ್ಟೆ ಹಾಕುವುದಿದ್ದರೆ ಹಾಕಲಿ, ಅವಳದು ಮುಗಿಯುವ ತನಕ ಕಾಯುತ್ತೇವೆ. ಈ ಸಲ ಏನನ್ನೂ ಕೇಳುವುದಿಲ್ಲ, ಯಾವ ಮಾತನ್ನೂ ಕೊಡುವುದಿಲ್ಲ. ಎಲೆಯ ತುದಿಯನ್ನು ತೆಂಕಣಕ್ಕೆ ಇಡಬೇಕು, ಹೋದವರ ದಿಕ್ಕು ಅದು. ಖಿದಿರ್‌ಪುರದಿಂದ ನೋಡಿದರೆ ಏಡಿಗಳ ಆ ಕಂದು ಕಡಲು ಇರುವುದೂ ತೆಂಕಣಕ್ಕೆ, ನಮ್ಮ ಊರು ಇರುವುದೂ ಆ ಕಡೆಗೇ. ಅನ್ನ ಬಡಿಸಿ ಹಿಂದೆ ಸರಿದು ನಿಂತಾಗ ಮಗಳೂ ನಾನೂ ಆ ಕಡೆಗೇ ನೋಡುತ್ತಿರುತ್ತೇವೆ. ಅವಳಿಗೆ ಕಡಲು ಕಾಣುತ್ತಿರುತ್ತದೆ, ನನಗೆ ಊರು.