ಬೈಸಿಕೊಳ್ಳುವ ತಾಲೀಮು

ಹೋಟೆಲಿನಲ್ಲಿ ಅವನನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಸಪ್ಲೈಯರ್ ಕೆಲಸದಲ್ಲಿ ಅವನನ್ನು ಹಿಡಿಯುವವರಿಲ್ಲ. ಕಾಫಿ ಲೋಟಗಳ ಸಾಲನ್ನೇ ಒಂದು ಕೈಯಲ್ಲಿ ಹಿಡಿದು ಬರುತ್ತಿದ್ದ. ಆದರೆ ಕೋಪ ಮೂಗಿನ ತುದಿಯಲ್ಲೇ. ಗಿರಾಕಿ "ಏಯ್" ಅಂದರೆ ಸಾಕು, ಇವನು "ಏನೋ" ಅಂದೇಬಿಡುತ್ತಿದ್ದ. ಹೋದ ವಾರ ಒಬ್ಬರ ಕಾಲರ್ ಹಿಡಿದ ಮೇಲೆ ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು: "ಇನ್ನೊಂದ್ ಸಲ ಹೀಗಾದ್ರೆ ನೀನು ಮನೇಲೇ ಇದ್ಬಿಡಪ್ಪ."

ಭಾನುವಾರ ಹೆಂಡತಿಯನ್ನು ಕರೆದುಕೊಂಡು ಸಿನಿಮಾಕ್ಕೆ ಹೋದ. ಪೋಸ್ಟರಿನಲ್ಲಿ ಪೊಲೀಸು, ಲಾಠಿ ಎಲ್ಲ ಇದ್ದದ್ದರಿಂದ ಭರ್ಜರಿ ಫೈಟಿಂಗ್ ಇರುತ್ತದೆಂದು ಅವನ ಲೆಕ್ಕ. ಒಳಗೆ ನೋಡಿದರೆ ಹೊಡೆಯುವವರೇ ಒಂದು ಕಡೆ, ಏಟು ತಿನ್ನುವವರೇ ಇನ್ನೊಂದು ಕಡೆ. ದೂರದ ದೇಶವೊಂದರ ಹಳೆಯ ಕಾಲ. ಅಲ್ಲಿ ಕಪ್ಪು ಬಣ್ಣದವರು ಹೋಟೆಲಿನಲ್ಲಿ ಎಲ್ಲರ ಜೊತೆ ಕೂತು ತಿನ್ನುವಂತಿಲ್ಲ. ಕಾಲೇಜು ಓದುವ ಹುಡುಗ ಹುಡುಗಿಯರು ಬೇಕೆಂದೇ ಹೋಗಿ ಕೂರುತ್ತಾರೆ. ಜನ ಅವರ ತಲೆಯ ಮೇಲೆ ಕಾಫಿ ಸುರಿಯುತ್ತಾರೆ, ಬಾಯಿಗೆ ಬಂದದ್ದು ಬೈಯುತ್ತಾರೆ. ಕೂತವರು ಕೈ ಎತ್ತುವುದಿಲ್ಲ, ಏಳುವುದೂ ಇಲ್ಲ. ಪಟಾಕಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅದಕ್ಕೂ ಮೊದಲು ಬಂದ ಒಂದು ದೃಶ್ಯ ಅವನ ತಲೆ ಕೊರೆಯುತ್ತಿತ್ತು: ಒಂದು ಕೋಣೆಯಲ್ಲಿ ಆ ಹುಡುಗರು ಒಬ್ಬರನ್ನೊಬ್ಬರು ಬೈದು, ತಳ್ಳಿ, ಸುಮ್ಮನಿರುವುದನ್ನು ಕಲಿಯುತ್ತಿದ್ದರು. ಸುಮ್ಮನಿರುವುದಕ್ಕೂ ತಾಲೀಮೇ! ಹೆಂಡತಿ ಮಾತ್ರ ಉದ್ದಕ್ಕೂ ಪಿಟಕ್ಕೆನ್ನಲಿಲ್ಲ. ನಿದ್ದೆ ಹೋಗಿದ್ದಾಳೆಂದುಕೊಂಡ.

ಮನೆಗೆ ಬಂದವನೇ ಕುರ್ಚಿ ಎಳೆದುಕೊಂಡು ಕೂತ. "ಬಾರೇ, ನನ್ನ ಬೈಯಿ."

"ತಲೆ ಕೆಟ್ಟಿದ್ಯಾ ನಿಮಗೆ?"

"ನನ್ ಕೆಲಸ ಉಳೀಬೇಕು. ಬೈಯಮ್ಮ ತಾಯಿ."

ಅವಳು ನಗುತ್ತಲೇ ಶುರುಮಾಡಿದಳು. "ಏಯ್, ಕಣ್ಣು ಕಾಣಲ್ವಾ? ನಿನ್ನಂಥೋರನ್ನ ಒಳಗೆ ಬಿಟ್ಟಿದ್ದೇ ತಪ್ಪು. ವಾಸನೆ ಹೊಡೀತಿದೆ, ದೂರ ನಿಂತ್ಕೋ. ಆ ಲೋಟ ಮುಟ್ಬೇಡ, ಅದು ನಮ್ದು." ಬೈಯುತ್ತ ಬೈಯುತ್ತ ನಗು ನಿಂತುಹೋಯಿತು. ಒಂದು ಮಾತಿಗೂ ಅವಳು ತಡವರಿಸಲಿಲ್ಲ.

ಕೋಪ ಬರಬೇಕಿದ್ದ ಜಾಗದಲ್ಲಿ ಪಟಾಕಿಗೆ ಕುತೂಹಲ ಬಂತು. "ಇಷ್ಟೆಲ್ಲ ಎಲ್ಲಿ ಕಲಿತೆ?"

"ಕಲಿಯೋದೇನಿದೆ? ಆಫೀಸಲ್ಲಿ ನೆಲ ಒರೆಸುವಾಗ ದಿನಾ ಕೇಳ್ತೀನಲ್ಲ."

"ನನ್ ಹತ್ರ ಒಂದು ದಿನಾನೂ ಹೇಳಲಿಲ್ಲ!"

"ಹೇಳಿದ್ರೆ ನೀವು ಅಲ್ಲಿಗೇ ಜಗಳಕ್ಕೆ ಬರ್ತಿದ್ರಿ. ನನ್ ಕೆಲಸಾನೂ ಹೋಗ್ತಿತ್ತು."

ಅವನಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. "ಹಾಗಾದ್ರೆ ನಿನಗೆ ತಾಲೀಮೇ ಬೇಡ ಬಿಡು."

"ಸುಮ್ನಿರೋದು ನನಗೆ ಬರತ್ತೆ. ಸಿನಿಮಾದ ಆ ಹುಡುಗರ ಥರ ಕೂತಿರೋದು ಬರಲ್ಲ." ಆಫೀಸಿನ ಊಟದ ಕೋಣೆಯಲ್ಲಿ ಬೇಕಾದಷ್ಟು ಕುರ್ಚಿಗಳು ಖಾಲಿ ಇರುತ್ತವಂತೆ, ಗುಡಿಸಿ ಒರೆಸುವವರು ಮಾತ್ರ ಮೆಟ್ಟಿಲ ಮೇಲೆ ತಿನ್ನಬೇಕಂತೆ. "ಏಳಿ ಸ್ವಲ್ಪ," ಎಂದಳು.

ಅವನು ಎದ್ದ. ಅವಳು ಕುರ್ಚಿಯಲ್ಲಿ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

"ಈಗ ನೀವು ನನ್ನ ಬೈಯ್ರಿ. ಜೋರಾಗಿ. ನಾಳೆ ಊಟದ ಹೊತ್ತಲ್ಲಿ ಅಲ್ಲಿನ ಕುರ್ಚಿಯಿಂದ ನಾನು ಏಳಬಾರದು."

ಪಟಾಕಿ ಬಾಯಿ ತೆರೆದ. ಊರವರನ್ನೆಲ್ಲ ಬೈದು ಬಂದವನಿಗೆ ಒಂದೇ ಒಂದು ಮಾತೂ ಹೊರಡಲಿಲ್ಲ.

"ಬೈಯ್ರಿ," ಎಂದಳು ಅವಳು. "ನಾಳೆ ಅವರು ನಿಮ್ಮಷ್ಟು ಯೋಚನೆ ಮಾಡಲ್ಲ."