ಅಣ್ಣನ ಕಣ್ಣಿಗೆ ಹೊಕ್ಕ ಅಮೀಬಾ

ಬೆಳಿಗ್ಗೆ ಹತ್ತೂಕಾಲಿಗೆ ಅಣ್ಣ ನೂಲು ತೆಗೆಯುವುದನ್ನು ನಿಲ್ಲಿಸಿ ಬಲಗಣ್ಣು ಮುಚ್ಚಿಕೊಂಡ. ರಾಮನಗರದಲ್ಲಿ ನಮ್ಮ ಮನೆಯ ಹಿಂದೆಯೇ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡು. ಬಿಸಿನೀರಿನ ಹಬೆಗೆ ಕನ್ನಡಕ ಮಂಜಾಗಿ ಎಳೆ ಕಾಣುವುದಿಲ್ಲವೆಂದು ಅವನು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತಿದ್ದ. ಕಾವಿಗೆ ಅದು ಒಣಗಿ ಚುಚ್ಚಿದಾಗಲೆಲ್ಲ ತೆಗೆದು, ಪಕ್ಕದ ತೊಟ್ಟಿಯ ನೀರಿಗೆ ಅದ್ದಿ, ಮತ್ತೆ ಹಾಕಿಕೊಳ್ಳುತ್ತಿದ್ದನೆಂದು ನನಗೆ ಗೊತ್ತಾದದ್ದು ಆಮೇಲೆ.

"ಮದ್ರಾಸ್ ಐ ಕಣಮ್ಮಿ. ಒಸಿ ದಿನ ಇದ್ದು ಹೋಯ್ತದೆ," ಎಂದ.

ಹೋಗಲಿಲ್ಲ. ಬೆಳಕು ಕಂಡರೆ ಗೋಡೆಗೆ ಮುಖ ಒತ್ತಿಕೊಳ್ಳುವಷ್ಟು ನೋವು. ಕರಿಗುಡ್ಡೆಯ ಸುತ್ತ ಬಿಳಿ ಉಂಗುರ ಮೂಡಿದ ದಿನ ಅವನನ್ನು ಬೆಂಗಳೂರಿಗೆ ಕರೆದೊಯ್ದೆ. ವೈದ್ಯೆ ಕಣ್ಣಿನ ಮೇಲ್ಪದರ ಕೆರೆದು ಪರೀಕ್ಷಿಸಿ, "ಅಮೀಬಾ. ನೀರಿಂದ ಲೆನ್ಸಿಗೆ ಅಂಟಿ ಬಂದಿರೋದು. ತಡವಾಗಿದೆ. ಕಣ್ಣು ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ," ಎಂದರು.

ಎಂಎಸ್ಸಿಯಲ್ಲಿ ನಾನು ಓದಿದ್ದೇ ಅಮೀಬಾ ನುಂಗುವ ಬಗೆ. ಅದಕ್ಕೆ ಬಾಯಿಲ್ಲ. ಮೈಯ ಪೊರೆಯೇ ಬಟ್ಟಲಿನಂತೆ ಬಾಗಿ, ಸಿಕ್ಕಿದ್ದನ್ನು ಸುತ್ತಿಕೊಂಡು, ಚೀಲವಾಗಿ ಒಳಕ್ಕೆ ಜಾರುತ್ತದೆ. ಪೊರೆಯನ್ನು ಬಾಗಿಸಲು ಕೆಲವು ಪ್ರೋಟೀನುಗಳು. ಚೀಲಕ್ಕೆ ಅಂಟಿಕೊಂಡು ದಾರಿ ತೋರಿಸಿ, ಎಲ್ಲವೂ ಕರಗಿಹೋಗುವ ಆಮ್ಲದ ಚೀಲದವರೆಗೆ ಮುಟ್ಟಿಸಲು ಬೇರೆ ಕೆಲವು. ಬಣ್ಣ ಹಾಕಿದ ಆ ಚೀಲಗಳು ಸಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಊಟ ಮರೆತದ್ದುಂಟು. ಈಗ ಅವುಗಳೊಳಗೆ ಚೂರುಚೂರಾಗಿ ಸಾಗುತ್ತಿದ್ದುದು ಅಣ್ಣನ ಕಣ್ಣು.

ಔಷಧಿ ತಾಗಿದರೆ ಅಮೀಬಾ ನುಂಗುವುದನ್ನೇ ಬಿಟ್ಟು, ಗಟ್ಟಿ ಗೋಡೆ ಕಟ್ಟಿಕೊಂಡು ಒಳಗೆ ಅಡಗುತ್ತದೆ. ಆದ್ದರಿಂದ ಅದು ಹೊರಬಂದ ಕೂಡಲೇ ಔಷಧಿ ತಾಗುವಂತೆ ಗಂಟೆಗೊಮ್ಮೆ ಹನಿ, ಹಗಲೂ ರಾತ್ರಿಯೂ. ಅವ್ವನಿಗೂ ನನಗೂ ಸರದಿ. ರೆಪ್ಪೆ ಬಿಡಿಸಿದರೆ ಅಣ್ಣ ಮಂಚದ ಕಂಬಿ ಹಿಡಿದು ನರಳುತ್ತಿದ್ದ.

"ಅದೂ ಗೂಡು ಕಟ್ತದಾ? ನಮ್ ರೇಷ್ಮೆ ಹುಳದಂಗೇ?" ಎಂದು ಕೇಳಿದ ಒಮ್ಮೆ.

"ಹೂಂ ಅಣ್ಣ."

"ಹಂಗಾರೆ ಬೇಯ್ಸಿ ಬುಡಮ್ಮಿ, ನೂಲಾದ್ರೂ ಸಿಕ್ತದೆ."

"ಬಾಯ್ಮುಚ್ಚಿ ಕಣ್ ತೆಗಿಲಾ," ಎಂದು ಅವ್ವ ಗದರಿದಳು. ಹನಿ ಕೆನ್ನೆಗೆ ಬಿತ್ತು, ಸೆರಗಿನಿಂದ ಒರೆಸಿ ಮತ್ತೆ ಸೀಸೆ ಎತ್ತಿದಳು. ಈಗಲೂ ಗಡಿಯಾರದ ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂದರೆ ನನ್ನ ಕೈ ಸೀಸೆ ಹುಡುಕುತ್ತದೆ.

ಒಂದು ಮಂಗಳವಾರ ವೈದ್ಯೆ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಉಂಗುರ ತೆಳುವಾಗಿತ್ತು. ನೋಟ ಸ್ವಲ್ಪ ಮಸುಕೇ ಉಳಿಯಬಹುದು, ಕಣ್ಣು ಹೋಗುವುದಿಲ್ಲ, ಇನ್ನು ಹಗಲು ಮಾತ್ರ ಹನಿ ಹಾಕಿದರೆ ಸಾಕು ಎಂದರು. ಮನೆಗೆ ಬಂದ ಅಣ್ಣ ಮುದ್ದೆ ಮುರಿಯುತ್ತಲೇ ಗೋಡೆಗೊರಗಿ ಗೊರಕೆ ಹೊಡೆದ. ಅವನ ಕೈ ತೊಳೆಸಿ ಮಲಗಿಸಿದೆವು. ಮರುದಿನ ಹಾಲಿನವನು ಬಾಗಿಲು ಬಡಿಯುವವರೆಗೆ ಮೂವರಲ್ಲಿ ಯಾರಿಗೂ ಎಚ್ಚರವಾಗಲಿಲ್ಲ.